ಬಬಲ್ ಏರ್‌ಬೆಡ್: ಕೊಡಗಿನ ಮಳೆಗಾಲಕ್ಕೆ ಎಷ್ಟು ಲಾಯಕ್ಕು?

ಮಡಿಕೇರಿ, ವಿರಾಜಪೇಟೆ ಕಡೆ ಆರೈಕೆ ಕೇಂದ್ರವಿರಲಿ, ಸ್ಟ್ರೋಕ್ ಆಗಿ ಹಾಸಿಗೆ ಹಿಡಿದವರಿರುವ ಮನೆಯಿರಲಿ, ಮೊದಲು ತರಿಸುವ ಸಾಮಾನು ಬಬಲ್ ಏರ್‌ಬೆಡ್, ಅಂದರೆ ಪಂಪಿನಿಂದ ಗಾಳಿ ತುಂಬುವ ಗುಳ್ಳೆಗಳ ಹಾಸು. ಬೆಲೆ ಸುಮಾರು ಎರಡು ಮೂರು ಸಾವಿರ, ಇದ್ದ ಹಾಸಿಗೆ ಮೇಲೆಯೇ ಹಾಸಬಹುದು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ‘ಇದೊಂದಿದ್ದರೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆಗೋದೇ ಇಲ್ಲ’ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಹಾಸಿಗೆಯ ಗುಳ್ಳೆಗಳು ಎರಡು ಗುಂಪಾಗಿರುತ್ತವೆ. ಪಂಪು ಐದಾರು ನಿಮಿಷ ಒಂದು ಗುಂಪನ್ನು ಉಬ್ಬಿಸಿ, ಆಮೇಲೆ ಇನ್ನೊಂದನ್ನು ಉಬ್ಬಿಸುತ್ತದೆ. ಹೀಗೆ ಒತ್ತಡ ಬೀಳುವ ಜಾಗ ಬದಲಾಗುವುದರಿಂದ ಚರ್ಮಕ್ಕೆ ರಕ್ತ ಹರಿಯಲು ಬಿಡುವು ಸಿಗುತ್ತದೆ. ಪಂಪಿನ ಗುಂಡಿಯನ್ನು ಪೇಷಂಟ್ ತೂಕಕ್ಕೆ ಹೊಂದಿಸಬೇಕು. ಬಿಗಿ ಇದ್ದಷ್ಟೂ ಒಳ್ಳೆಯದೆಂದು ಪೂರ್ತಿ ತಿರುಗಿಸಿಟ್ಟರೆ ಹಲಗೆ ಮೇಲೆ ಮಲಗಿಸಿದ ಹಾಗೇ. ಸರಿ ಇದೆಯೋ ಇಲ್ಲವೋ ನೋಡಲು ಕೈಯೇ ಸಾಕು: ಅಂಗೈ ಮೇಲ್ಮುಖವಾಗಿಟ್ಟು ಏರ್‌ಬೆಡ್ಡಿನ ಅಡಿಯಿಂದ ಸೊಂಟದ ಕೆಳಗಿನ ಮೂಳೆಯವರೆಗೆ ತೂರಿಸಿ. ಕೈಗೂ ಮೂಳೆಗೂ ನಡುವೆ ಒಂದು ಇಂಚಾದರೂ ಗಾಳಿ ಇರಬೇಕು. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ತಲೆಭಾಗ ಎತ್ತಿ ಕೂರಿಸಿದಾಗ ಇನ್ನೊಮ್ಮೆ ನೋಡಿ, ಭಾರವೆಲ್ಲ ಅಲ್ಲಿಗೇ ಇಳಿದಿರುತ್ತದೆ.

ಗುಂಡಿಗಿಂತ ಹೆಚ್ಚು ಕೆಲಸ ಕೆಡಿಸುವುದು ನಮ್ಮ ಚಳಿ. ಬೆನ್ನು ತಣ್ಣಗಾಗುತ್ತದೆಂದು ಏರ್‌ಬೆಡ್ ಮೇಲೆ ಕಂಬಳಿ, ಅದರ ಮೇಲೆ ರಬ್ಬರ್ ಶೀಟು, ಮತ್ತೆ ದಪ್ಪ ಬೆಡ್‌ಶೀಟು. ಇಷ್ಟು ಪದರ ಹಾಸಿದ ಮೇಲೆ ಗುಳ್ಳೆ ಉಬ್ಬಿದರೂ ಇಳಿದರೂ ಒಂದೇ. ತೆಳ್ಳಗಿನ ಒಂದು ಕಾಟನ್ ಶೀಟು ಸಾಕು, ಕಂಬಳಿ ಹೊದೆಸಿ. ಬಿಸಿನೀರಿನ ಬ್ಯಾಗು ಬೇಡವೇ ಬೇಡ: ಸ್ವಾಧೀನ ತಪ್ಪಿದ ಕಾಲಿಗೆ ಸುಟ್ಟದ್ದೇ ಗೊತ್ತಾಗದಿರಬಹುದು. ನೋಡಲು ಬಂದ ನೆಂಟರು ಬಗ್ಗುವಾಗ ಸೀರೆ ಭುಜದ ಪಿನ್ನಿನ ಮೇಲೂ ಒಂದು ಕಣ್ಣಿರಲಿ, ಚುಚ್ಚಿದರೆ ಹಾಸಿಗೆ ಪಂಚರ್!

ಇನ್ನು ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋದರೆ ಭಾಗಮಂಡಲ, ನಾಪೋಕ್ಲು ಕಡೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಪಂಪು ನಿಂತ ಸ್ವಲ್ಪ ಹೊತ್ತಿಗೆ ಬಬಲ್ ಬೆಡ್ ಚಪ್ಪಟೆ. ಆದ್ದರಿಂದ ಅಡಿಯಲ್ಲಿ ಒಳ್ಳೆಯ ಫೋಮ್ ಹಾಸಿಗೆ ಇರಲೇಬೇಕು. ಬರೀ ಹಲಗೆ ಮಂಚದ ಮೇಲೆ ಹಾಸುವ ಸಾಮಾನಲ್ಲ ಇದು. ಪಂಪು ಎಳೆಯುವುದು ಹತ್ತು ವ್ಯಾಟ್ ಆಸುಪಾಸು. ಇನ್ವರ್ಟರಿಗೆ ಟಿ.ವಿ., ಫ್ಯಾನ್ ಬಿಟ್ಟು ಇದೊಂದನ್ನೇ ಹಾಕಿದರೆ ಒಳ್ಳೆಯ 150 ಆಂಪಿಯರ್-ಅವರ್ ಬ್ಯಾಟರಿ ಒಂದು ದಿನ ದಾಟಿಸುತ್ತದೆ. ಕರೆಂಟಿಲ್ಲದಾಗ ಗಾಳಿ ಹಿಡಿದಿಡುವ ವಾಲ್ವ್ ಗುಳ್ಳೆಯ ಬದಲು ಉದ್ದ ಕೊಳವೆಗಳಿರುವ ಕೆಲವು ಟ್ಯೂಬ್ ಮಾದರಿಗಳಲ್ಲಿದೆ. ಬೆಲೆ ಹಲವು ಪಟ್ಟು ಹೆಚ್ಚು. ಹತ್ತಾರು ಪೇಷಂಟ್‌ಗಳಿರುವ ಕೇಂದ್ರಕ್ಕೆ ಅದೇ ಸರಿ.

ಏರ್‌ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ. ಹಿಮ್ಮಡಿಗಂತೂ ಏರ್‌ಬೆಡ್ಡಿನ ಭರವಸೆ ಸಾಲದು. ಮೀನಖಂಡದ ಅಡಿ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಬೇಕು. ಚರ್ಮ ಕೆಂಪಾಗಿದ್ದರೆ ಬೆರಳಿಂದ ಒತ್ತಿ ನೋಡಿ, ಬಿಟ್ಟ ಮೇಲೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ. ಆ ಜಾಗ ತಿಕ್ಕಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ, ನರ್ಸ್‌ಗೆ ತೋರಿಸಿ.

ಫಿಸಿಯೋ ಶುರುವಾದವರಿಗೆ ಇದೇ ಹಾಸಿಗೆ ಅಡ್ಡಿ. ಮೆತ್ತಗಿರುವುದರಿಂದ ಮೊಣಕೈ ಊರಿ ಏಳಲಾಗದು, ಅಂಚಿನಲ್ಲಿ ಕೂತರೆ ಜಾರುತ್ತಾರೆ. ವ್ಯಾಯಾಮದ ಹೊತ್ತಿಗೆ, ವೀಲ್‌ಚೇರಿಗೆ ಇಳಿಸುವ ಹೊತ್ತಿಗೆ ಗುಂಡಿ ಬಿಗಿ ಮಾಡಿ, ಆಮೇಲೆ ಮರೆಯದೆ ಹಿಂದಕ್ಕೆ ತನ್ನಿ. ಸ್ವಂತವಾಗಿ ಮಗ್ಗುಲಾಗುವಷ್ಟು ಚೇತರಿಸಿಕೊಂಡರೆ ಫಿಸಿಯೋ ಅವರನ್ನು ಕೇಳಿ ಏರ್‌ಬೆಡ್ ತೆಗೆದು ಫೋಮ್ ಹಾಸಿಗೆಗೆ ಬದಲಿಸುವುದು ಒಳ್ಳೆಯದು.

ತೊಳೆದ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿಯಾಗಿ ಮಡಚಿಟ್ಟರೆ ಇಲ್ಲಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕೊಳ್ಳುವಾಗ ಪಂಚರ್ ಪ್ಯಾಚ್ ಕಿಟ್ ಇದೆಯೇ, ಪಂಪು ಕೆಟ್ಟರೆ ಬದಲಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ‘ಮೈಸೂರಿಂದ ತರಿಸಬೇಕು’ ಎಂಬ ಉತ್ತರ ಬಂದರೆ ಇನ್ನೊಂದು ಪಂಪನ್ನು ಮಳೆ ಹಿಡಿಯುವ ಮೊದಲೇ ತೆಗೆದಿಡಿ.