‘ಕ್ರೌನ್ ಹೋಗಿದೆ’ ಅಂದ ತಕ್ಷಣ ಹೌಸಿಂಗ್ ಬಿಚ್ಚಿಸಬೇಡಿ

ಕ್ಲಚ್ ಬಿಡುವಾಗ ಒಂದು ‘ಟಕ್’, ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು, ಗಾಡಿ ಪೂರ್ತಿ ನಿಂತು ಒಂದು ಕ್ಷಣವಾದ ಮೇಲೆ ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಮೂರನೆಯದು. ಹಳೆಯ ಪಿಕಪ್ಪುಗಳಲ್ಲಿ ಇದು ಮಾಮೂಲಿ ದೂರು. ಇದೇ ದೂರಿದ್ದ ಒಂದು ಗಾಡಿಗೆ ಬೇಡದ ರಿಪೇರಿ ಮಾಡಿ, ಚೆನ್ನಾಗಿದ್ದ ಭಾಗವನ್ನೂ ಕೆಡಿಸಿಟ್ಟ ಪ್ರಕರಣ ಇದು. ಹಿಂಚಕ್ರ ಎಳೆಯುವ ಗಾಡಿ, ಮ್ಯಾನುವಲ್ ಗೇರ್, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಲೀಫ್ ಸ್ಪ್ರಿಂಗ್. ಹಿಂದಿನ ಆಕ್ಸಲ್ಲಿನ ಗೇರುಗಳನ್ನು ಮುಚ್ಚಿದ ಪೆಟ್ಟಿಗೆಯೇ ಹೌಸಿಂಗ್. ಅದರೊಳಗೆ ಶಾಫ್ಟ್ ತಿರುಗಿಸುವ ಚಿಕ್ಕ ಗೇರ್ ಪಿನಿಯನ್, ಪಿನಿಯನ್ ತಿರುಗಿಸುವ ದೊಡ್ಡ ಗೇರ್ ಕ್ರೌನ್.

ಗ್ಯಾರೇಜಿನಲ್ಲಿ ಮಾಡಿದ ಪರೀಕ್ಷೆ ಒಂದೇ. ನ್ಯೂಟ್ರಲ್‌ನಲ್ಲಿಟ್ಟು, ಕೆಳಗೆ ಮಲಗಿ, ಹಿಂದಿನ ಶಾಫ್ಟನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿದ್ದು. ಶಾಫ್ಟಿನ ಕೊಳವೆಯ ಮೇಲ್ಮೈಯಲ್ಲಿ ಸುಮಾರು 6 ಮಿ.ಮೀ. ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡಿತು. ‘ಕ್ರೌನ್ ಪಿನಿಯನ್ ಸವೆದಿದೆ, ಸೆಟ್ಟೇ ಬದಲಿಸಬೇಕು’ ಎಂದಾಯಿತು, ಬದಲಿಸಿದ್ದೂ ಆಯಿತು. ಟಕ್ ಸದ್ದು ಹಾಗೇ ಉಳಿಯಿತು. ಅದರ ಮೇಲೆ 50 ದಾಟಿದರೆ ಹೊಸದಾಗಿ ಒಂದು ಊಳು, ಜೊತೆಗೆ ನಡುಕ. ಸ್ವಲ್ಪ ದಿನದಲ್ಲೇ ಪಿನಿಯನ್ ಸೀಲಿನಿಂದ ಆಯಿಲ್ ಇಳಿಯತೊಡಗಿತು. ಬಿಚ್ಚಿ ನೋಡಿದರೆ ಪಿನಿಯನ್ ಬೇರಿಂಗ್ ಸುಟ್ಟು ನೀಲಿಯಾಗಿತ್ತು.

ಆ 6 ಮಿ.ಮೀ. ಕ್ರೌನಿನದ್ದಲ್ಲ ಎಂದು ಕಾಗದದ ಮೇಲೆ ಲೆಕ್ಕ ಹಾಕಿದ್ದರೂ ಗೊತ್ತಾಗುತ್ತಿತ್ತು. ಕ್ರೌನ್ ವ್ಯಾಸ 200 ಮಿ.ಮೀ. ಎಂದುಕೊಳ್ಳಿ. ಹಲ್ಲುಗಳ ನಡುವೆ ಇರಬೇಕಾದ ಸಂದು, ಅಂದರೆ ಬ್ಯಾಕ್‌ಲ್ಯಾಶ್, ಇಂಥ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ. 0.2 ಎಂದೇ ಹಿಡಿದರೂ ಕ್ರೌನ್ ತಿರುಗುವುದು 0.11 ಡಿಗ್ರಿ. ಅನುಪಾತ 4.1 ಇದ್ದರೆ, ಅಂದರೆ ಕ್ರೌನಿನ ಒಂದು ಸುತ್ತಿಗೆ ಪಿನಿಯನ್ 4.1 ಸುತ್ತಿದರೆ, ಪಿನಿಯನ್ ತಿರುಗುವುದು ಅರ್ಧ ಡಿಗ್ರಿಗಿಂತ ಕಡಿಮೆ. 80 ಮಿ.ಮೀ. ವ್ಯಾಸದ ಕೊಳವೆಯ ಮೇಲೆ ಅದು 0.3 ಮಿ.ಮೀ.ನಷ್ಟು ಮಾತ್ರ. ಹಲ್ಲು ಸವೆದು ಬ್ಯಾಕ್‌ಲ್ಯಾಶ್ ಎರಡು ಪಟ್ಟಾದರೂ ಕೈಗೆ ಸಿಗುವುದು ಮುಕ್ಕಾಲು ಮಿಲಿಮೀಟರಿನೊಳಗೆ.

ಈಗ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟಿನ ಸ್ಪ್ಲೈನ್, ಅಂದರೆ ಅದರ ತುದಿಯ ಉದ್ದುದ್ದ ಹಲ್ಲುಗಳನ್ನು, ನೋಡಿ. ವ್ಯಾಸ 30 ಮಿ.ಮೀ., ಎಡ ಬಲ ಎರಡೂ ಶಾಫ್ಟುಗಳಲ್ಲಿ 0.3 ಮಿ.ಮೀ. ಸವೆದಿದೆ ಎಂದಿಟ್ಟುಕೊಳ್ಳಿ. ತ್ರಿಜ್ಯ 15 ಮಾತ್ರವಾದ್ದರಿಂದ ಅಷ್ಟಕ್ಕೇ ಒಂದು ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ. ಅದು 4.1 ಪಟ್ಟಾಗಿ ಕೊಳವೆಯ ಮೇಲೆ 3 ಮಿ.ಮೀ. ದಾಟುತ್ತದೆ. ಇದರ ಜೊತೆಗೆ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳು, ಅವುಗಳ ಹಿಂದಿನ ಥ್ರಸ್ಟ್ ವಾಷರ್, ಗೇರುಗಳನ್ನು ಹೊತ್ತ ಪಿನ್ನು, ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಹಾಗಾಗಿ ಓಡಿದ ಗಾಡಿಯಲ್ಲಿ ಶಾಫ್ಟ್ ಕೈಗೆ ತಿರುಗಿತು ಅನ್ನುವುದು ಕ್ರೌನಿನ ಮೇಲೆ ಸಾಕ್ಷಿಯೇ ಅಲ್ಲ. ಕ್ರೌನಿನದ್ದೇ ಎಂದು ಹೇಳಬೇಕಾದರೆ ಪಿನಿಯನ್ ಹಿಡಿದು, ಕ್ರೌನ್ ಹಲ್ಲಿಗೆ ಡಯಲ್ ಗೇಜ್ ಇಟ್ಟು ಅಳೆಯಬೇಕು. ಅಳತೆ ತೋರಿಸದೆ ಸೆಟ್ ಹೋಗಿದೆ ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಊಳು ಬಂದದ್ದು ಹಳೆಯ ಶಿಮ್‌ಗಳನ್ನೇ (ಪಿನಿಯನ್ ಕೂರುವ ಆಳ ಹೊಂದಿಸುವ ತೆಳು ಬಿಲ್ಲೆಗಳು) ಹೊಸ ಪಿನಿಯನ್‌ಗೆ ಹಾಕಿ, ಹಲ್ಲಿಗೆ ಬಣ್ಣ ಬಳಿದು ಗುರುತು ಎಲ್ಲಿ ಬೀಳುತ್ತದೆ ಎಂದು ನೋಡದೇ ಮುಚ್ಚಿದ್ದರಿಂದ. ಬೇರಿಂಗ್ ಸುಟ್ಟದ್ದಕ್ಕೆ ಕಾರಣ ಕ್ರಶ್ ಸ್ಲೀವ್. ಪಿನಿಯನ್ ನಟ್ ಬಿಗಿಸಿದಂತೆ ಈ ಸ್ಲೀವ್ ಕುಗ್ಗಿ ಬೇರಿಂಗಿನ ಒತ್ತಡವನ್ನು ನಿಗದಿ ಮಾಡುತ್ತದೆ, ಒಮ್ಮೆ ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಇಲ್ಲಿ ಹಳೆಯ ಸ್ಲೀವನ್ನೇ ಉಳಿಸಿಕೊಂಡು ಇಂಪ್ಯಾಕ್ಟ್ ಗನ್ನಿನಲ್ಲಿ ನಟ್ ಎಳೆದಿದ್ದರು. ಸರಿಯಾದ ಕ್ರಮದಲ್ಲಿ ಸ್ಲೀವೂ ಹೊಸದು, ನಟ್ಟೂ ಹೊಸದು. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ, ಕ್ರೌನ್ ಕೂರಿಸುವ ಮೊದಲು, ಪಿನಿಯನ್ ತಿರುಗಲು ಎಷ್ಟು ಬಲ ಬೇಕು ಎಂದು ಸಣ್ಣ ಟಾರ್ಕ್ ರೆಂಚಿನಲ್ಲಿ ಪ್ರತಿ ಸಲವೂ ನೋಡಬೇಕು. ಹೊಸ ಬೇರಿಂಗ್‌ಗೆ ಅದು ಸಾಮಾನ್ಯವಾಗಿ 2–3 ನ್ಯೂಟನ್ ಮೀಟರ್ ಆಸುಪಾಸು, ನಿಖರ ಅಂಕಿ ಆಯಾ ಗಾಡಿಯ ಸರ್ವಿಸ್ ಮ್ಯಾನುವಲ್‌ನಲ್ಲಿದೆ. ಮೀರಿತೇ, ನಟ್ ಸಡಿಲಿಸಿ ಸರಿಮಾಡಲು ಆಗದು. ಮತ್ತೆ ಬಿಚ್ಚಿ ಇನ್ನೊಂದು ಸ್ಲೀವ್ ಹಾಕುವುದೇ ದಾರಿ.

ನಿಜವಾದ ಕಾರಣ ಮೂರು, ಮೂರೂ ಹೌಸಿಂಗಿನ ಹೊರಗೆ.

ಮೊದಲನೆಯದು ಸೆಂಟರ್ ಬೇರಿಂಗ್ (ಎರಡು ತುಂಡಿನ ಶಾಫ್ಟನ್ನು ನಡುವೆ ಹೊತ್ತ ಬೇರಿಂಗ್) ಹಿಂದಿನ ಕ್ರಾಸ್, ಅಂದರೆ ಎರಡು ಕವಲು ತುಂಡುಗಳನ್ನು (ಯೋಕ್) ಕೂಡಿಸುವ ಪ್ಲಸ್ ಆಕಾರದ ಕೀಲು. ಅದರ ನಾಲ್ಕು ಕಾಲಿಗೂ ಒಂದೊಂದು ಕಪ್, ಕಪ್ಪಿನೊಳಗೆ ಸೂಜಿಯಂಥ ಸಣ್ಣ ರೋಲರುಗಳ ನೀಡಲ್ ಬೇರಿಂಗ್. ಅದರ ಒಂದು ಕಪ್ಪಿನ ಸುತ್ತ ಕೆಂಗಂದು ಪುಡಿ ಇತ್ತು. ಸೀಲ್ ಹೋಗಿ, ಗ್ರೀಸ್ ಒಣಗಿ, ನೀಡಲ್ ಬೇರಿಂಗ್ ತುಕ್ಕು ಹಿಡಿದಾಗ ಬರುವ ಪುಡಿ ಅದು. ಇದನ್ನು ಹಿಡಿಯಲು ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ಆಫ್ ಮಾಡಿ, ಗೇರ್ ಹಾಕಿ ಬಿಡಿ. ಕ್ರಾಸಿನ ಒಂದೊಂದು ಕಡೆಯ ಯೋಕನ್ನು ಒಂದೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ, ಆಮೇಲೆ ಮೇಲೆ ಕೆಳಗೆ ಎತ್ತಿ ನೋಡಿ. ಕಣ್ಣಿಗೆ ಕಾಣುವ ಯಾವ ಅಲುಗಾಟವೂ ಇರಬಾರದು. ಎಂಜಿನ್ ಓಡುತ್ತಾ ಗೇರಿನಲ್ಲಿರುವ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಓಡುವಾಗಿನ ಸದ್ದು ಬೇಕಿದ್ದರೆ ಮೊಬೈಲನ್ನು ಚಾಸಿಸ್‌ಗೆ ಕಟ್ಟಿ ರೆಕಾರ್ಡ್ ಮಾಡಿ.

ಎರಡನೆಯದು ಸ್ಲಿಪ್ ಯೋಕ್. ಬ್ರೇಕ್ ಹಾಕಿದಾಗ ಆಕ್ಸಲ್ ಸ್ವಲ್ಪ ತಿರುಚಿಕೊಂಡು ಶಾಫ್ಟಿನ ಉದ್ದ ಬದಲಾಗುತ್ತದೆ. ಸ್ಪ್ಲೈನ್ ಒಣಗಿದ್ದರೆ ಯೋಕ್ ಜಾರದೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಗಾಡಿ ನಿಂತು ಸ್ಪ್ರಿಂಗ್ ಸಡಿಲಾದಾಗ ಒಮ್ಮೆಗೇ ಬಿಡುತ್ತದೆ. ನಿಂತ ಮೇಲೆ ಬರುವ ಸದ್ದು ಇದರದ್ದೇ. ಹಳೆ ಗ್ರೀಸ್ ಪೂರ್ತಿ ತೊಳೆದು, ಹಲ್ಲಿನ ಪಕ್ಕಗಳಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಇಲ್ಲದಿದ್ದರೆ ಮೊಲಿಬ್ಡಿನಮ್ ಇರುವ ಗ್ರೀಸ್ ಸವರಿ ಕೂರಿಸಿದರೆ ಸಾಕು. ಮೆಟ್ಟಿಲು ಬಿದ್ದಿದ್ದರೆ ಗ್ರೀಸಿನ ಉಪಚಾರ ಕೆಲವೇ ದಿನದ್ದು, ಯೋಕ್ ಬದಲಿಸಿ.

ಮೂರನೆಯದು, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದಿಡುವ ಎಡಗಡೆಯ ಯು-ಬೋಲ್ಟ್ ಸಡಿಲ. ಸ್ಪ್ರಿಂಗ್ ಕೂರುವ ಜಾಗದಲ್ಲಿ ಬಣ್ಣ ಉಜ್ಜಿಹೋಗಿ ಲೋಹ ಹೊಳೆಯುತ್ತಿತ್ತು. ಎಂದರೆ ಆಕ್ಸಲ್ಲೇ ಹಿಂದೆ ಮುಂದೆ ಸರಿಯುತ್ತಿತ್ತು. ಅಷ್ಟು ದಿನ ಸಡಿಲ ಓಡಿದ್ದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿರಬಹುದು, ಅದನ್ನೂ ನೋಡಿ.

ಕ್ರಾಸ್ ಬದಲಿಸುವಾಗ ಹೆಚ್ಚು ಜನ ಕೆಡಿಸುವುದು ಎರಡು ಕಡೆ. ಶಾಫ್ಟ್ ಬಿಚ್ಚುವ ಮೊದಲು ಫ್ಲೇಂಜ್, ಯೋಕ್, ಸ್ಪ್ಲೈನ್ ಎಲ್ಲಕ್ಕೂ ಬಣ್ಣದ ಗುರುತು ಹಾಕದೇ ಇರುವುದು ಒಂದು. ಈ ಗಾಡಿಯಲ್ಲಿ ಸ್ಪ್ಲೈನನ್ನು ಹಲ್ಲು ತಪ್ಪಿಸಿ ಕೂರಿಸಿದ್ದರು. ಎರಡು ಕ್ರಾಸುಗಳ ಹೊಂದಿಕೆ ತಪ್ಪಿತು, ನಡುಕ ಅದರಿಂದ. ಇನ್ನೊಂದು, ಕಪ್ ಒತ್ತುವಾಗ ಒಂದು ಸೂಜಿ ಅಡ್ಡ ಬೀಳುವುದು. ಆಗ ಕಪ್ ಒಂದೆರಡು ಮಿಲಿಮೀಟರ್ ಮೊದಲೇ ನಿಲ್ಲುತ್ತದೆ, ಅದನ್ನು ಹಿಡಿದಿಡುವ ಸರ್ಕ್ಲಿಪ್ ತನ್ನ ತೋಡಿಗೆ ಇಳಿಯುವುದಿಲ್ಲ. ಸುತ್ತಿಗೆ ಏಟು ಹಾಕಿದರೆ ಸೂಜಿ ಮುರಿದು ಹೊಸ ಕ್ರಾಸ್ ಅಲ್ಲಿಗೇ ಹಾಳು. ಕಪ್ ಹೊರತೆಗೆದು, ಸೂಜಿಗಳನ್ನು ಗ್ರೀಸಿನಲ್ಲಿ ಗೋಡೆಗೆ ಅಂಟಿಸಿ ನಿಲ್ಲಿಸಿ, ಕ್ರಾಸಿನ ಕಾಲನ್ನು ಕಪ್ಪಿನೊಳಗೆ ಇಟ್ಟುಕೊಂಡೇ ವೈಸಿನಲ್ಲಿ ಒತ್ತಿ. ಕೂತ ಮೇಲೆ ಜಾಯಿಂಟ್ ಬಿಗಿ ಅನ್ನಿಸಿದರೆ ಯೋಕಿನ ಕಿವಿಗಳಿಗೆ ಹಗುರವಾಗಿ ಒಂದೊಂದು ತಟ್ಟಿದರೆ ಸಲೀಸಾಗುತ್ತದೆ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ನಾಲ್ಕೂ ಸೀಲಿನಿಂದ ಗ್ರೀಸ್ ಇಣುಕುವ ತನಕ ಪಂಪ್ ಮಾಡಿ. ಮೂರರಲ್ಲಿ ಮಾತ್ರ ಬಂದರೆ ನಾಲ್ಕನೆಯ ಕಪ್ ಒಣಗಿದೆ ಎಂದೇ ಅರ್ಥ.

ಬಿಗಿಸಿ ಎಳೆದ ಹಳೆ ಯು-ಬೋಲ್ಟನ್ನು ಮತ್ತೆ ಬಳಸಬೇಡಿ, ನಟ್ ಸಮೇತ ಹೊಸದು ಹಾಕಿ. ಗಾಡಿಯ ಭಾರ ಚಕ್ರದ ಮೇಲಿರುವಾಗ ನಾಲ್ಕು ಕಾಲುಗಳನ್ನೂ ಅಡ್ಡಡ್ಡವಾಗಿ ಸಮ ಬಿಗಿಸಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೊರಡುವಾಗ ಇದೇ ಟಕ್ ಬರುತ್ತದೆ. ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಅರ್ಧ ಬಿಟ್ಟಾಗ ಎಂಜಿನ್ ಮೇಲಕ್ಕೆ ಎಗರುತ್ತದೆಯೇ ಎಂದು ಇನ್ನೊಬ್ಬರು ಪಕ್ಕದಿಂದ ನೋಡಿದರೆ ತಿಳಿಯುತ್ತದೆ, ಗಾಡಿಯ ಮುಂದೆ ನಿಲ್ಲಬೇಡಿ.

ಇಷ್ಟೆಲ್ಲ ಆದಮೇಲೂ ಸದ್ದಿದ್ದರೆ ಆಕ್ಸಲ್ ಆಯಿಲ್ ಇಳಿಸಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಹತ್ತಿರುವುದು ಸಹಜ. ಕೈಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಮಾತ್ರ ಹೌಸಿಂಗ್ ಬಿಚ್ಚುವ ಮಾತು. ಚೂರಿಲ್ಲ, ಊಳಿಲ್ಲ, ಕೈಗೆ ಮಾತ್ರ ಎರಡು ಮೂರು ಮಿಲಿಮೀಟರ್ ಪ್ಲೇ ಸಿಗುತ್ತಿದೆ ಎಂದರೆ ಅದು ಸ್ಪ್ಲೈನ್, ವಾಷರ್‌ಗಳದ್ದು. ಹೊಸ ಆಯಿಲ್ ತುಂಬಿ ಓಡಿಸಿ.