ಆಕ್ಟೇವ್, ನಮ್‌ಪೈ, ಸೈಲ್ಯಾಬ್, ಜೂಲಿಯಾ: ಕೊನೆಗೆ ನನಗೆ ಒಗ್ಗಿದ್ದು ಯಾವುದು

ಲೆಕ್ಕ ಹಾಕಿ ಗ್ರಾಫ್ ಬಿಡಿಸುವ ದುಡ್ಡಿನ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಲೈಸೆನ್ಸ್ ಮುಗಿದಾಗ ನನ್ನ ಹತ್ತಿರ ಅದರಲ್ಲಿ ಬರೆದ ನೂರಕ್ಕೂ ಜಾಸ್ತಿ ಹಳೆಯ ಕೋಡ್ ಫೈಲುಗಳಿದ್ದವು. ಎಲ್ಲವೂ ಯಂತ್ರಗಳ ಕಂಪನದ ಡೇಟಾ ಓದಿ, ಸೋಸಿ, ಗ್ರಾಫ್ ಬಿಡಿಸುವಂಥವು. ಮತ್ತೆ ದುಡ್ಡು ಹಾಕುವ ಹಾಗಿರಲಿಲ್ಲ. ನಾಲ್ಕು ಉಚಿತ ಸಾಫ್ಟ್‌ವೇರ್‌ಗಳಿಗೆ ಒಂದೇ ಕೆಲಸ ಕೊಟ್ಟು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಆಕ್ಟೇವ್.

ಹಳೆಯ ಫೈಲುಗಳಲ್ಲಿ ಹೆಚ್ಚಿನವು ಅದರಲ್ಲಿ ಹಾಗೇ ಓಡಿದವು. ಡೇಟಾ ಸೋಸುವ ಬಟರ್‌ವರ್ತ್ ಫಿಲ್ಟರ್ ಬಂದ ಕಡೆ ಮಾತ್ರ ನಿಂತವು, ಅದು ಸಿಗ್ನಲ್ ಎಂಬ ಬೇರೆ ಪ್ಯಾಕೇಜಿನಲ್ಲಿದೆ. ಪ್ರತಿ ಸಲ ಲೋಡ್ ಮಾಡಬೇಕು. ಆಕ್ಟೇವ್ ತೆರೆದಾಗ ತಾನಾಗಿ ಓಡುವ ಫೈಲಿಗೆ ಅದಕ್ಕೆಂದು ಒಂದು ಸಾಲು ಸೇರಿಸಿದೆ, ಮುಗಿಯಿತು. ಅಂದ ಹಾಗೆ, ಆಕ್ಟೇವ್ ಎಂಬ ಹೆಸರಿಗೂ ಸಂಗೀತಕ್ಕೂ ಸಂಬಂಧ ಇಲ್ಲ. ಇದನ್ನು ಬರೆದ ಜಾನ್ ಈಟನ್ ಅವರಿಗೆ ಕೆಮಿಕಲ್ ಎಂಜಿನಿಯರಿಂಗ್ ಕಲಿಸಿದ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರದು. ಅಂದಾಜು ಲೆಕ್ಕವನ್ನು ಚಕಚಕನೆ ಹಾಕುವುದರಲ್ಲಿ ಅವರು ಹೆಸರುವಾಸಿ.

ಪೈಥಾನ್ ಭಾಷೆ ಮತ್ತು ಅದರ ಲೆಕ್ಕದ ಲೈಬ್ರರಿ ನಮ್‌ಪೈ ಕಡೆ ಹೋದಾಗ ಎರಡು ಸಂಜೆ ಕಳೆದುಕೊಂಡೆ. 10,000 ಅಳತೆಗಳ ಸಾಲಿನಿಂದ ಮೊದಲ 500 ತೆಗೆದು ಬೇರೆ ಹೆಸರಿಟ್ಟೆ. ಅದರ ಸರಾಸರಿಯನ್ನು -= ಚಿಹ್ನೆ ಹಾಕಿ ಅದರಲ್ಲೇ ಕಳೆದೆ. ಆಮೇಲೆ ಪೂರ್ತಿ ಸಾಲಿನ ಗ್ರಾಫ್ ನೋಡಿದರೆ ಶುರುವಿನ ತುಂಡು ಸೊನ್ನೆಯ ಸುತ್ತ ಕುಸಿದಿದೆ, ಉಳಿದದ್ದು ಮೆಟ್ಟಿಲಿನ ಹಾಗೆ ಮೇಲೆ ನಿಂತಿದೆ! ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಕೇಬಲ್ ಬದಲಿಸಿ ಮತ್ತೆ ಅಳೆದೆ. ಮತ್ತದೇ ಮೆಟ್ಟಿಲು.

ವಿಷಯ ಇಷ್ಟೇ: ನಮ್‌ಪೈಯಲ್ಲಿ ಹೀಗೆ ತೆಗೆದ ತುಂಡು ನಕಲು ಅಲ್ಲ, ಅದೇ ಮೆಮೊರಿಗೆ ಇಟ್ಟ ಕಿಟಕಿ. ತುಂಡನ್ನು ಮುಟ್ಟಿದರೆ ಮೂಲವೂ ಬದಲಾಗುತ್ತದೆ. ಭಾರೀ ಡೇಟಾ ಇದ್ದಾಗ ಮೆಮೊರಿ ಉಳಿಸುವ ಒಳ್ಳೆಯ ಏರ್ಪಾಡು ಅದು. ಬೇಡವಾದರೆ ತುಂಡು ತೆಗೆಯುವಾಗಲೇ ಕಾಪಿ ಎಂದು ಹೇಳಬೇಕು. ಆದರೆ ಮ್ಯಾಟ್‌ಲ್ಯಾಬ್‌ನಲ್ಲೂ ಆಕ್ಟೇವ್‌ನಲ್ಲೂ ತುಂಡನ್ನು ಏನೇ ಮಾಡಿದರೂ ಮೂಲ ಹಾಗೇ ಇರುತ್ತದೆ. ವರ್ಷಗಟ್ಟಲೆ ನಾನು ಆ ನಂಬಿಕೆಯ ಮೇಲೇ ಕೋಡ್ ಬರೆದವನು. ನೂರು ಫೈಲುಗಳಲ್ಲಿ ಎಲ್ಲೆಲ್ಲಿ ಹೀಗೆ ಮಾಡಿದ್ದೇನೋ, ಹುಡುಕೋದು ಹೇಗೆ? ತಪ್ಪಿದರೂ ಎರರ್ ಬರುವುದಿಲ್ಲ, ಸುಮ್ನೆ ತಪ್ಪು ಉತ್ತರ ಬರುತ್ತದೆ. ಅದೇ ಭಯ.

ಸೈಲ್ಯಾಬ್‌ನಲ್ಲಿ ಪೈ (π) ಬರೆಯಲೂ ಮುಂದೆ % ಹಾಕಬೇಕು, ಕಾಮೆಂಟಿಗೆ, ಅಂದರೆ ಕೋಡ್ ನಡುವಿನ ಟಿಪ್ಪಣಿಗೆ, // ಬೇಕು. ಹಳೆಯ ಫೈಲು ನೇರವಾಗಿ ಓಡಲಿಲ್ಲ. ಬ್ಲಾಕ್ ಡಯಾಗ್ರಾಮ್ ಜೋಡಿಸಿ ಸಿಮ್ಯುಲೇಶನ್ ಮಾಡುವವರಿಗೆ ಮಾತ್ರ ಅದರ ಎಕ್ಸ್‌ಕಾಸ್ ಬಲು ಉಪಯೋಗ.

ಜೂಲಿಯಾ ವೇಗವಾಗಿದೆ. ಸಾಲಿನ ಅಳತೆಗಳ ಎಣಿಕೆ ಮ್ಯಾಟ್‌ಲ್ಯಾಬ್‌ನ ಹಾಗೆ 1ರಿಂದಲೇ, ತುಂಡು ತೆಗೆದರೆ ನಕಲೇ ಸಿಗುತ್ತದೆ. ಹೊಸದಾಗಿ ಶುರು ಮಾಡುವವನಾಗಿದ್ದರೆ ಅದನ್ನೇ ಹಿಡಿಯುತ್ತಿದ್ದೆನೇನೋ. ಆದರೆ ನನ್ನ ಫೈಲುಗಳನ್ನೆಲ್ಲ ಮತ್ತೆ ಬರೆಯಬೇಕಲ್ವಾ?

ಆಕ್ಟೇವ್‌ನಲ್ಲಿ ಲೂಪ್, ಅಂದರೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್, ನಿಧಾನ, ಅದು ನಿಜ. ಲಕ್ಷ ಸಲ ಸುತ್ತುವ ಒಂದು ಲೂಪನ್ನು ತೆಗೆದು, ಇಡೀ ಸಾಲಿಗೆ ಒಂದೇ ಲೆಕ್ಕವಾಗಿ ಬರೆದ ಮೇಲೆ ಕೆಲಸ ಸರಾಗವಾಯಿತು. ತಿದ್ದಬೇಕಾದ ಇಂಥ ಫೈಲುಗಳು ಇನ್ನು ಮೂರಿವೆ.