ಇಂಗ್ಲಿಷ್ ಟೀಚರ್ ಆಗುವ ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಡಿಗ್ರಿ ಮುಗಿಸಿ, ಎಂ.ಎ.ಗೆ ಮೈಸೂರು, ಮಂಗಳೂರು ಅಂತ ಹೋಗಲಾಗದೆ ಮನೆಯಲ್ಲಿರುವ ಕೊಡಗಿನ ಹುಡುಗ ಹುಡುಗಿಯರಿಗೆ ಒಂದು ಆಸೆ ತೋರಿಸುತ್ತಿದ್ದಾರೆ. ‘ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಅಂತಾರಾಷ್ಟ್ರೀಯ ಸರ್ಟಿಫಿಕೇಟ್ ಕೊಡ್ತೀವಿ, ವಿದೇಶದಲ್ಲಿ ಕೆಲಸ ಗ್ಯಾರಂಟಿ.’ ಇದೇ ಮಾತಿಗೆ ನಾನು 45 ಸಾವಿರ ಕಟ್ಟಿದ್ದೆ. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಕೋರ್ಸ್ ಅಂದರೆ ವಾಟ್ಸಾಪ್‌ಗೆ ಬರುವ ಪಿಡಿಎಫ್, ಹಳೆಯ ವಿಡಿಯೋ, ಕೊನೆಗೆ ಟಿಕ್ ಹಾಕುವ ಪರೀಕ್ಷೆ. ಫೇಲ್ ಆದವರು ಯಾರೂ ಇಲ್ಲ. ಸರ್ಟಿಫಿಕೇಟ್ ಮೇಲೆ ದೊಡ್ಡದಾಗಿ ‘120 ಗಂಟೆ’ ಅಂತಿದೆ, ಹೊಳೆಯುವ ಸೀಲ್ ಇದೆ. ಒಬ್ಬರೇ ಒಬ್ಬರು ವಿದ್ಯಾರ್ಥಿಯ ಮುಂದೆ ನನ್ನನ್ನು ನಿಲ್ಲಿಸಲಿಲ್ಲ.

ಅದರ ಪರಿಣಾಮ ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವ ಹೆಂಗಸರಿಗೆ ಪಾಠ ಶುರು ಮಾಡಿದಾಗ ಗೊತ್ತಾಯಿತು. ಅವರಲ್ಲಿ ಒಬ್ಬರಿಗೆ ಇಂಗ್ಲಿಷ್ ಪದಗಳು ಬೇಕಾದಷ್ಟು ಗೊತ್ತು. ಆದರೆ ಗೆಸ್ಟ್ ಫೋನ್ ಮಾಡಿ ‘ಮಳೆಗೆ ರಸ್ತೆ ಹೇಗಿದೆ, ಬಿಸಿನೀರು ಇದೆಯಾ’ ಅಂತ ಕೇಳಿದರೆ ತಕ್ಷಣ ಫೋನ್ ಮಗನ ಕೈಗೆ. ಅವರ ಬಾಯಿ ಬಿಡಿಸುವುದು ಹೇಗೆ, ತಪ್ಪು ಮಾತಾಡಿದರೆ ಎಲ್ಲಿ ತಡೆಯಬೇಕು, ಎಲ್ಲಿ ಸುಮ್ಮನಿರಬೇಕು? ನನ್ನ ಪಿಡಿಎಫ್‌ನಲ್ಲಿ ಇದ್ದದ್ದು ಟೆನ್ಸ್‌ಗಳ ಪಟ್ಟಿ. ದೊಡ್ಡವರಿಗೆ ಕಲಿಸುವ ಕೆಲಸದ ಜೀವಾಳವೇ ಆ ಕೋರ್ಸ್‌ನಲ್ಲಿ ಇರಲಿಲ್ಲ.

ಬೆಂಗಳೂರಿನ ಇಂಟರ್‌ವ್ಯೂನಲ್ಲೂ ಅದನ್ನೇ ಕೇಳಿದರು: ‘ನಿಮ್ಮ ಪಾಠವನ್ನು ಯಾರಾದರೂ ಕೂತು ನೋಡಿದ್ದಾರಾ? ಎಷ್ಟು ಗಂಟೆ?’ ಅಲ್ಲಿಗೆ ಮಾತು ಮುಗಿಯಿತು.

ಇಂಗ್ಲಿಷ್ ಕಲಿಸುವವರಿಗೆಂದೇ ಇರುವ ಸರ್ಟಿಫಿಕೇಟ್ ಕೋರ್ಸ್‌ಗಳಾದ ಕೇಂಬ್ರಿಡ್ಜ್‌ನ ಸೆಲ್ಟಾ, ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟೀಸಾಲ್ ಎರಡಕ್ಕೂ ಎಂ.ಎ. ಬೇಡ. ಎರಡರಲ್ಲೂ ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ ಮಾಡಲೇಬೇಕು, ತರಬೇತುದಾರರು ನೋಡಿ ತಿದ್ದುತ್ತಾರೆ. ಅಗ್ಗವೇನಲ್ಲ. ಆದರೆ ಕೆಲಸ ಕೊಡುವವರು ನೋಡುವುದು ಆ 6 ಗಂಟೆಯನ್ನೇ. ಯಾರಾದರೂ ‘ನಮ್ಮದೂ ಅದೇ ಕೋರ್ಸ್’ ಅಂದರೆ ಅವರ ಸೆಂಟರ್ ಹೆಸರು ಕೇಂಬ್ರಿಡ್ಜ್ ಅಥವಾ ಟ್ರಿನಿಟಿಯ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ.

ವಿದೇಶದ ಮಾತಿನಲ್ಲಿ ಮೋಸ ಇನ್ನೂ ಜಾಸ್ತಿ. ನನಗೆ ದಕ್ಷಿಣ ಕೊರಿಯಾ ತೋರಿಸಿದ್ದರು. ಅಲ್ಲಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾದಲ್ಲಿ ಖಾಸಗಿ ಇಂಗ್ಲಿಷ್ ಸಂಸ್ಥೆಗಳು ತೆಗೆದುಕೊಳ್ಳುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶದವರನ್ನು. ಇಷ್ಟು ಗೊತ್ತಿದ್ದೂ ಬಡ ಮನೆಯ ಮಕ್ಕಳಿಂದ ದುಡ್ಡು ಕೀಳುತ್ತಾರಲ್ಲ, ಹೊಟ್ಟೆ ಉರಿಯುತ್ತದೆ. ಯಾವ ಏಜೆಂಟ್ ಬಂದರೂ ಮೊದಲು ನೋಂದಣಿ ಸಂಖ್ಯೆ ಕೇಳಿ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವ ಹಾಗಿಲ್ಲ.

ಡಿಗ್ರಿ ಕಾಲೇಜಿನ ಲೆಕ್ಚರರ್ ಆಗಬೇಕಾದರೆ ಎಂ.ಎ. ಬೇಕೇ ಬೇಕು. ಉಳಿದ ಕಡೆ ದಾರಿ ಇದೆ, ನಮ್ಮ ಜಿಲ್ಲೆಯಲ್ಲೇ ಇದೆ. ಹೋಂಸ್ಟೇ, ರೆಸಾರ್ಟ್ ಸಿಬ್ಬಂದಿ, ಟ್ಯಾಕ್ಸಿ ಡ್ರೈವರ್‌ಗಳು, ಸೇನೆಯಿಂದ ನಿವೃತ್ತರಾಗಿ ಬೇರೆ ಕೆಲಸ ಹುಡುಕುವವರು, ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಅಥವಾ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವ ನರ್ಸ್‌ಗಳು, ಇವರೆಲ್ಲ ಕಲಿಯಲು ತಯಾರಿದ್ದಾರೆ. ಮೊದಲು ನಾಲ್ಕು ಜನರಿಗೆ ಕಲಿಸಿ ನೋಡಿ. ಅನುಭವ ಇರುವ ಟೀಚರ್ ಒಬ್ಬರನ್ನು ಕರೆದು ನಿಮ್ಮ ಪಾಠ ನೋಡಲು ಹಿಂದೆ ಕೂರಿಸಿಕೊಳ್ಳಿ. ಈ ಕೆಲಸ ನಿಮಗೆ ಹಿಡಿಸಿದ ಮೇಲೆ ಸೆಲ್ಟಾಗೆ ದುಡ್ಡು ಕೂಡಿಡಿ.

ಈಗಾಗಲೇ ಎಲ್ಲಾದರೂ ಕಟ್ಟಿಯಾಗಿದ್ದರೆ ರಸೀದಿ, ಚಾಟ್, ‘ಗ್ಯಾರಂಟಿ’ ಅಂದ ಜಾಹೀರಾತು ಯಾವುದನ್ನೂ ಡಿಲೀಟ್ ಮಾಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆನ್‌ಲೈನ್‌ನಲ್ಲಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿ.